ಹಡಗಿನಲ್ಲಿ ಬಂದ ಗಿಡಗಳು, ಅವನ್ನು ಕಾಪಾಡಿದ ಕೈಗಳು

ಎಲ್ಲರಿಗೂ ನಮಸ್ಕಾರ. ಗಿಡಗಳ ಮಾತು ಕೇಳಲು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ನೇರ ವಿಷಯಕ್ಕೇ ಬರುತ್ತೇನೆ.

ಇಲ್ಲಿ ಬಾಟನಿ ಓದಿದವರು ಇದ್ದೀರಿ. ನೀವೆಲ್ಲ ಒಂದಲ್ಲ ಒಂದು ಸಲ ಹರ್ಬೇರಿಯಂ ಮಾಡಿದವರೇ. ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ಹಳೇ ಪೇಪರ್ ನಡುವೆ ಎಲೆ ಮಡಚಿಕೊಳ್ಳದ ಹಾಗೆ ಹರಡಿ, ಮೇಲೆ ದಪ್ಪ ಪುಸ್ತಕ ಹೇರಿ, ಆಮೇಲೆ ದಿನಾ ಪೇಪರ್ ಬದಲಾಯಿಸುತ್ತಾ ಕೂರಬೇಕು. ಮಳೆಗಾಲದಲ್ಲಿ ಮಾಡಿದ್ದರೆ ಬೂಷ್ಟು ಬಂದು ಅರ್ಧ ಗಿಡ ಬಿಸಾಡಿರುತ್ತೀರಿ. ಈಗ ಇದೇ ಕೆಲಸವನ್ನು 106 ಅಡಿ ಉದ್ದದ ಮರದ ಹಡಗಿನಲ್ಲಿ, 94 ಜನರ ನಡುವೆ, ಸುತ್ತ ಉಪ್ಪು ಗಾಳಿ ಬೀಸುತ್ತಿರುವಾಗ, ಹತ್ತಿರ ಹತ್ತಿರ ಮೂರು ವರ್ಷ ಮಾಡಬೇಕು ಅಂದುಕೊಳ್ಳಿ.

ದೂರದ ದೇಶಗಳಿಗೆ ಹೋಗಿ ಗಿಡ ತಂದವರ ಕತೆಯನ್ನು ನಾವು ಸಾಮಾನ್ಯವಾಗಿ ಒಬ್ಬ ದೊಡ್ಡ ಮನುಷ್ಯನ ಹೆಸರಿನ ಸುತ್ತ ಹೇಳುತ್ತೇವೆ. ಅವನು ದಡಕ್ಕಿಳಿದ, ಹೊಸ ಗಿಡ ನೋಡಿದ, ಕಿತ್ತ, ಹೆಸರು ಬಂತು. ನನಗೆ ಹೇಳಬೇಕಿರುವುದು ಕಿತ್ತ ಮೇಲಿನ ಕತೆ. ಗಿಡ ಕೀಳಲು ಐದು ನಿಮಿಷ ಸಾಕು. ಅದು ಲಂಡನ್ನಿಗೋ ಪ್ಯಾರಿಸ್ಸಿಗೋ ಮುಟ್ಟುವ ತನಕ ಕೊಳೆಯದ ಹಾಗೆ, ಹುಳ ತಿನ್ನದ ಹಾಗೆ, ಬಣ್ಣ ಮರೆತುಹೋಗದ ಹಾಗೆ ನೋಡಿಕೊಳ್ಳುವುದು ವರ್ಷಗಟ್ಟಲೆ ಕೆಲಸ. ಆ ಕೆಲಸಕ್ಕೆ ಕೈ ಕೊಟ್ಟವರು ಮನೆಯ ಸೇವಕರು, ತೋಟದ ಮಾಲಿಗಳು, ಸಂಬಳಕ್ಕೆ ಬಂದ ಚಿತ್ರಕಾರರು, ಗಂಡಸಿನ ಬಟ್ಟೆ ತೊಟ್ಟು ಹಡಗು ಹತ್ತಿದ ಒಬ್ಬ ಹೆಂಗಸು. ಇವರಲ್ಲಿ ತುಂಬಾ ಜನ ವಾಪಸ್ ಮನೆಗೆ ಹೋಗಲೇ ಇಲ್ಲ.

ಮೊದಲು ಎಂಡೆವರ್ ಹಡಗು. 1768ರ ಆಗಸ್ಟ್ ಕೊನೆಯಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಹೊರಟಿತು. ಕ್ಯಾಪ್ಟನ್ ಜೇಮ್ಸ್ ಕುಕ್. ಅದು ಮೊದಲು ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗು. 1769ರ ಜೂನ್ 3ರಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದು ಹೋಗುವುದನ್ನು ತಾಹಿತಿ ದ್ವೀಪದಿಂದ ಅಳೆಯುವುದು ಸರ್ಕಾರ ಹೇಳಿದ ಕೆಲಸ. ಗಿಡದ ಕೆಲಸ ಅದರ ಜೊತೆ ಸೇರಿಕೊಂಡಿದ್ದು ಜೋಸೆಫ್ ಬ್ಯಾಂಕ್ಸ್ ಅನ್ನುವ 25 ವರ್ಷದ ಜಮೀನ್ದಾರ ಹುಡುಗನಿಂದ. ದುಡ್ಡಿತ್ತು, ಗಿಡದ ಹುಚ್ಚು ನಿಜವಾಗಿಯೂ ಇತ್ತು, ತನ್ನ ಖರ್ಚಿನಲ್ಲೇ ಒಂದು ತಂಡ ಕಟ್ಟಿಕೊಂಡು ಬಂದ. ತಂಡದಲ್ಲಿ ಅವನೂ ಸೇರಿ ಒಂಬತ್ತು ಜನ. ಗಿಡಗಳಿಗೆ ಹೆಸರಿಡುವ ಕ್ರಮ ಹಾಕಿಕೊಟ್ಟ ಲಿನೇಯಸ್‌ನ ಶಿಷ್ಯ, ಸ್ವೀಡನ್ನಿನ ಡೇನಿಯಲ್ ಸೊಲಾಂಡರ್. ಬರವಣಿಗೆ ನೋಡಿಕೊಳ್ಳಲು ಹರ್ಮನ್ ಸ್ಪೋರಿಂಗ್. ಚಿತ್ರ ಬರೆಯಲು ಸಿಡ್ನಿ ಪಾರ್ಕಿನ್ಸನ್ ಮತ್ತು ಅಲೆಕ್ಸಾಂಡರ್ ಬಕನ್. ಆಮೇಲೆ ನಾಲ್ಕು ಜನ ಸೇವಕರು: ಪೀಟರ್ ಬ್ರಿಸ್ಕೋ, ಜೇಮ್ಸ್ ರಾಬರ್ಟ್ಸ್, ಥಾಮಸ್ ರಿಚ್‌ಮಂಡ್, ಜಾರ್ಜ್ ಡಾರ್ಲ್ಟನ್. ಕೊನೆಯ ಇಬ್ಬರು ಕಪ್ಪು ಜನ. ಈ ನಾಲ್ಕು ಹೆಸರನ್ನು ನಾನು ಬೇಕಂತಲೇ ಹೇಳುತ್ತಿದ್ದೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ.

ಸಾಮಾನು ಏನೇನು ತಂದಿದ್ದರು ಅಂದರೆ, ಒಂದು ಲೈಬ್ರರಿಯಷ್ಟು ಪುಸ್ತಕ, ಹುಳ ಹಿಡಿಯುವ ಬಲೆ, ಬಿಗಿಯಾಗಿ ಕೂರುವ ಬಿರಡೆಯ ಗಾಜಿನ ಬಾಟಲಿಗಳು, ಬೀಜಗಳನ್ನು ಕಾಪಾಡಲು ಉಪ್ಪು ಮತ್ತು ಮೇಣ. ಎಲ್ಲಕ್ಕಿಂತ ಮುಖ್ಯವಾಗಿ, ರಾಶಿ ರಾಶಿ ಕಾಗದ. ಗಿಡ ಒಣಗಿಸಲು ಕಾಗದ ಎಷ್ಟಿದ್ದರೂ ಸಾಲದು. ಮಿಲ್ಟನ್ ಕವಿಯ ಕಾವ್ಯದ ಮೇಲೆ ಬಂದಿದ್ದ ಒಂದು ವ್ಯಾಖ್ಯಾನದ, ಬೈಂಡ್ ಆಗದೆ ಉಳಿದ ಮುದ್ರಿತ ಹಾಳೆಗಳು ಕೂಡ ಇದಕ್ಕೆ ಬಳಕೆಯಾದವು. ಆಸ್ಟ್ರೇಲಿಯಾದ ಎಲೆಗಳು ಕಾವ್ಯ ವಿಮರ್ಶೆಯ ನಡುವೆ ಒಣಗಿದವು!

ದಿನದ ಕೆಲಸ ಹೇಗಿತ್ತು ಅಂತ ಬ್ಯಾಂಕ್ಸ್ ಆಮೇಲೆ ಒಂದು ಪತ್ರದಲ್ಲಿ ಬರೆದಿದ್ದಾನೆ. ಕ್ಯಾಪ್ಟನ್ನನ ಕ್ಯಾಬಿನ್ನಿನ ದೊಡ್ಡ ಮೇಜು. ಒಂದು ಕಡೆ ಬ್ಯಾಂಕ್ಸ್ ಮತ್ತು ಸೊಲಾಂಡರ್, ಎದುರಿಗೆ ಪಾರ್ಕಿನ್ಸನ್. ಇವರು ಗಿಡ ಬಿಡಿಸಿ ನೋಡಿ ವಿವರಣೆ ಬರೆಯುತ್ತಾರೆ, ಚಿತ್ರದಲ್ಲಿ ಯಾವ ಭಾಗ ಹೇಗೆ ಕಾಣಬೇಕು ಅಂತ ಹೇಳುತ್ತಾರೆ, ಅವನು ಬರೆಯುತ್ತಾನೆ. ಕತ್ತಲಾಗುವ ತನಕ. ಎಲ್ಲ ಗಡಿಬಿಡಿಯಲ್ಲೇ ಆಗಬೇಕು, ಯಾಕೆಂದರೆ ಹೂವು ಬಾಡಿದರೆ ಬಣ್ಣ ಹೋಯಿತು. ಒಣಗಿದ ಗಿಡದಲ್ಲಿ ಎಲೆಯ ಆಕಾರ ಉಳಿಯುತ್ತದೆ, ನರಗಳು ಉಳಿಯುತ್ತವೆ, ಕೇಸರಗಳನ್ನು ಎಣಿಸಬಹುದು. ಬಣ್ಣ ಮಾತ್ರ ಬಹುಪಾಲು ಕಂದಾಗಿಬಿಡುತ್ತದೆ. ಅದಕ್ಕೇ ಚಿತ್ರಕಾರ ಬೇಕು. ಈಗಿನ ಹಾಗೆ ಫೋನ್ ತೆಗೆದು ಒಂದು ಫೋಟೋ ಹೊಡೆಯುವ ಕಾಲ ಅಲ್ಲವಲ್ಲ.

ಬ್ರೆಜಿಲ್‌ನ ರಿಯೋದಲ್ಲಿ ಅಲ್ಲಿನ ಪೋರ್ಚುಗೀಸ್ ವೈಸ್‌ರಾಯ್ ಇವರನ್ನು ನಂಬಲಿಲ್ಲ, ದಡಕ್ಕಿಳಿಯಲು ಬಿಡಲಿಲ್ಲ. ಕದ್ದುಮುಚ್ಚಿ ಇಳಿದರು. ಹಡಗಿನ ಕುರಿ ಮೇಕೆಗೆ ಅಂತ ದಡದಿಂದ ತರಿಸಿದ ಸೊಪ್ಪಿನಲ್ಲೂ ಹೊಸ ಗಿಡ ಹುಡುಕಿದರು. ಇದು ನನಗೆ ತುಂಬಾ ಇಷ್ಟವಾದ ವಿವರ. ಮೇವಿನ ಕಟ್ಟು ಬಿಚ್ಚಿ ಒಂದೊಂದೇ ಕಡ್ಡಿ ಎತ್ತಿ ನೋಡುತ್ತಿದ್ದಾರೆ ಅಂದರೆ ಆಸೆ ಎಷ್ಟಿರಬೇಕು, ಅಲ್ವಾ?

ಆದರೆ ಆ ಆಸೆಗೆ ಬೆಲೆ ತೆತ್ತವರು ಯಾರು ನೋಡಿ. 1769ರ ಜನವರಿ. ದಕ್ಷಿಣ ಅಮೆರಿಕದ ತುದಿಯ ಟಿಯೆರ್ರಾ ಡೆಲ್ ಫ್ಯೂಗೊ. ಅಲ್ಲಿ ಅದು ಬೇಸಿಗೆ. ಬೆಟ್ಟದ ಮೇಲೆ ಚಳಿನಾಡಿನ ಸಣ್ಣ ಗಿಡಗಳು ಸಿಗಬಹುದು ಅಂತ ಹನ್ನೆರಡು ಜನ ಹತ್ತಿದರು. ದಾರಿಯಲ್ಲಿ ಸೊಂಟದೆತ್ತರದ ಪೊದೆ, ಕೆಳಗೆ ಕೆಸರು. ಬಕನ್‌ಗೆ ಅಪಸ್ಮಾರ ಬಂದು ಬಿದ್ದ. ಗಿಡಗಳೇನೋ ಸಿಕ್ಕವು. ಅಷ್ಟರಲ್ಲಿ ಹಿಮ ಬೀಳಲು ಶುರುವಾಯಿತು. ಇಂಥ ಚಳಿಯಲ್ಲಿ ಕೂತವನು ಮಲಗುತ್ತಾನೆ, ಮಲಗಿದವನು ಏಳುವುದಿಲ್ಲ ಅಂತ ಎಚ್ಚರಿಸಿದ ಸೊಲಾಂಡರನೇ ಮೊದಲು ಮಲಗಿಬಿಟ್ಟ. ಅವನನ್ನು ಹೇಗೋ ಬೆಂಕಿಯ ತನಕ ಎಳೆದು ತಂದರು. ರಿಚ್‌ಮಂಡ್ ಮತ್ತು ಡಾರ್ಲ್ಟನ್ ಹಿಂದೆ ಉಳಿದರು. ಅವರನ್ನು ಕರೆತರಲು ಆಗಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಇಬ್ಬರೂ ಸತ್ತಿದ್ದರು. ಜೊತೆಗಿದ್ದ ನಾಯಿ ಮಾತ್ರ ಬದುಕಿತ್ತು. ಉಳಿದವರು ಹಿಂದಿನ ದಿನ ಹೊಡೆದಿದ್ದ ಒಂದು ಹದ್ದನ್ನು ಹತ್ತು ಪಾಲು ಮಾಡಿಕೊಂಡು ತಿಂದರು, ತಲೆಗೆ ಮೂರು ತುತ್ತು ಬಂತಂತೆ.

ಸೇವಕರು ಅಂದರೆ ಸುಮ್ನೆ ಊಟ ಬಟ್ಟೆ ನೋಡಿಕೊಳ್ಳುವವರಲ್ಲ. ಗಿಡ ಹೊರುವವರು, ಕಾಗದ ಹೊರುವವರು, ಬಂದೂಕು ಹೊರುವವರು ಅವರೇ. ಆ ಬೆಟ್ಟದಿಂದ ಬಂದ ಒಣ ಮಾದರಿಗಳು ಇವತ್ತಿಗೂ ಇವೆ. ಮೇಲೆ ಬ್ಯಾಂಕ್ಸ್ ಮತ್ತು ಸೊಲಾಂಡರ್ ಅಂತ ಬರೆದಿದೆ.

ಹಡಗು ತಾಹಿತಿಗೆ ಬಂತು. ಬಂದ ಕೆಲವೇ ದಿನಕ್ಕೆ ಬಕನ್ ತೀರಿಕೊಂಡ. ಗಿಡ, ಪ್ರಾಣಿ, ಜನ, ಊರು, ಎಲ್ಲ ಚಿತ್ರದ ಹೊರೆ ಪಾರ್ಕಿನ್ಸನ್ ಮೇಲೆ ಬಿತ್ತು. ಎಡಿನ್‌ಬರೋದ ಹುಡುಗ, ಇಪ್ಪತ್ತು ದಾಟಿ ಎರಡು ಮೂರು ವರ್ಷ ಆಗಿತ್ತಷ್ಟೆ. ತಾಹಿತಿಯಲ್ಲಿ ನೊಣಗಳ ಕಾಟ ಎಷ್ಟಿತ್ತೆಂದರೆ, ಕಾಗದದ ಮೇಲೆ ಹಚ್ಚಿದ ಬಣ್ಣವನ್ನು ಹಚ್ಚುತ್ತಿದ್ದ ಹಾಗೇ ತಿಂದು ಹಾಕುತ್ತಿದ್ದವು ಅಂತ ಬ್ಯಾಂಕ್ಸ್ ಡೈರಿಯಲ್ಲಿದೆ. ಮೇಜು, ಕುರ್ಚಿ, ಚಿತ್ರಕಾರ ಎಲ್ಲವನ್ನೂ ಸೇರಿಸಿ ಒಂದು ಸೊಳ್ಳೆಪರದೆ ಹಾಕಿದರು. ಅದೂ ಸಾಲದೆ ಒಳಗೆ ನೊಣ ಹಿಡಿಯಲು ಅಂಟು ಇಟ್ಟರು. ಆ ಸೆಕೆಯಲ್ಲಿ ಪರದೆಯೊಳಗೆ ಕೂತು ಹಲಸಿನ ಜಾತಿಯ ಎಲೆಯ ಅಂಚನ್ನು ಸಣ್ಣ ಕುಂಚದಲ್ಲಿ ಎಳೆಯುತ್ತಿದ್ದವನನ್ನು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಿ.

ಈಗ ನಾನು ನಿಜವಾಗಿ ತೋರಿಸಬೇಕು ಅಂದುಕೊಂಡ ದಿನ. 1770ರ ಮೇ 3. ಆಸ್ಟ್ರೇಲಿಯಾದ ಪೂರ್ವ ಕರಾವಳಿ, ಈಗಿನ ಸಿಡ್ನಿಯ ಹತ್ತಿರ. ಕುಕ್ ಮೊದಲು ಆ ಕೊಲ್ಲಿಗೆ ತೊರಕೆ ಮೀನಿನ ಹೆಸರು ಇಟ್ಟಿದ್ದ. ಗಿಡಗಳು ಸಿಕ್ಕಿದ ಪರಿಗೆ ಅದನ್ನು ಬಿಟ್ಟು ಬಾಟನಿ ಬೇ ಅಂತ ಬರೆದ. ಅಷ್ಟು ಗಿಡ! ಯೂರೋಪಿನ ಪುಸ್ತಕಗಳಲ್ಲಿ ಎಲ್ಲೂ ಇಲ್ಲದ್ದು. ಮುಂದೆ ಬ್ಯಾಂಕ್ಸ್ ಹೆಸರನ್ನೇ ಹೊತ್ತ ಬ್ಯಾಂಕ್ಸಿಯಾ ಸಿಕ್ಕಿದ್ದೂ ಅಲ್ಲೇ. ಸಮಸ್ಯೆ ಏನಾಯಿತೆಂದರೆ, ಕಾಗದದ ಕಟ್ಟುಗಳೆಲ್ಲ ತುಂಬಿಬಿಟ್ಟವು. ಹಸಿ ಗಿಡ, ಹಡಗಿನ ಒಳಗಿನ ತೇವ. ಹಾಗೇ ಬಿಟ್ಟರೆ ಎರಡು ವರ್ಷದ ಕೆಲಸ ಕೊಳೆತು ಹೋಗುತ್ತದೆ.

ಬ್ಯಾಂಕ್ಸ್ ಆ ಇಡೀ ದಿನ ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ. ಒಣಗಿಸುವ ಕಾಗದವನ್ನೆಲ್ಲ ದಡಕ್ಕೆ ಹೊರಿಸಿದ. ಸುಮಾರು 200 ಕಟ್ಟು, ಒಂದೊಂದರಲ್ಲಿ ಎರಡು ಡಜನ್ ಹಾಳೆ, ಬಹುಪಾಲು ಕಟ್ಟುಗಳಲ್ಲಿ ಗಿಡ. ಹಡಗಿನ ಒಂದು ಹಾಯಿಯನ್ನು ಮರಳ ಮೇಲೆ ಹಾಸಿ ಅದರ ಮೇಲೆ ಎಲ್ಲವನ್ನೂ ಹರಡಿದರು. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸೀರೆ ಹಾಸಿ ಹಪ್ಪಳ ಒಣಗಿಸುವ ಹಾಗೆಯೇ: ಬಿಸಿಲು ಸರಿದ ಹಾಗೆ ತಿರುವಿ ಹಾಕುವುದು, ಅಡಿಯದ್ದು ಮೇಲೆ, ಮೇಲಿನದ್ದು ಅಡಿಗೆ. ಕೆಲವು ಕಟ್ಟುಗಳನ್ನು ಒಳಗಿನದು ಹೊರಗೆ ಬರುವಂತೆ ಮಗುಚಿದರು. ಸಾವಿರಾರು ಹಾಳೆ. ಸಂಜೆಗೆ ಎಲ್ಲ ಮತ್ತೆ ಹಡಗಿಗೆ. ಇದೆಲ್ಲವೂ ಡೈರಿಯಲ್ಲಿ ಇರುವುದು ನಾಲ್ಕೈದು ಸಾಲು. ನನ್ನ ಮಟ್ಟಿಗೆ ಇಡೀ ಪ್ರಯಾಣದಲ್ಲಿ ವಿಜ್ಞಾನಕ್ಕೆ ತುಂಬಾ ಮುಖ್ಯವಾದ ದಿನಗಳಲ್ಲಿ ಇದೂ ಒಂದು. ಅವತ್ತು ಬಿಸಿಲು ಬರದಿದ್ದರೆ ಗಿಡಗಳ ಗತಿ ಏನಾಗುತ್ತಿತ್ತು!

ಒಂದು ಮಾತು ಇಲ್ಲೇ ಹೇಳಬೇಕು. ಆ ದಡ ಖಾಲಿ ಇರಲಿಲ್ಲ. ಗ್ವೀಗಲ್ ಜನರ ನೆಲ ಅದು. ಹಡಗಿನವರು ಇಳಿಯಲು ಬಂದಾಗ ಇಬ್ಬರು ಗಂಡಸರು ಎದುರು ನಿಂತು ತಡೆದರು, ಕುಕ್ ಕಡೆಯವರು ಬಂದೂಕು ಹಾರಿಸಿದರು. ಅಲ್ಲಿಂದ ಎತ್ತಿಕೊಂಡು ಹೋದ ಈಟಿಗಳಲ್ಲಿ ಉಳಿದಿದ್ದ ನಾಲ್ಕನ್ನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ವಾಪಸ್ ಕೊಟ್ಟಿದ್ದು 2024ರಲ್ಲಿ. ಯೂರೋಪಿಗೆ ಹೊಸದಾದ ಗಿಡಗಳು ಆ ಜನಕ್ಕೆ ಹಿತ್ತಲಿನ ಗಿಡಗಳು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡೇ ಈ ಕತೆ ಓದಬೇಕು ಅಂತ ನನಗನ್ನಿಸುತ್ತದೆ.

ಅಲ್ಲಿಂದ ಹೊರಟ ಮೇಲೂ ಪಾರ್ಕಿನ್ಸನ್ ಕೆಲಸ ಮುಗಿಯಲಿಲ್ಲ. ಹಸಿ ಗಿಡಗಳನ್ನು ಒದ್ದೆ ಬಟ್ಟೆ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. 14 ದಿನದಲ್ಲಿ 94 ರೇಖಾಚಿತ್ರ ಮುಗಿಸಿದ. ದಿನಕ್ಕೆ ಆರಕ್ಕಿಂತ ಜಾಸ್ತಿ, ಅಲ್ಲಾಡುವ ಹಡಗಿನಲ್ಲಿ. ಪೂರ್ತಿ ಬಣ್ಣ ತುಂಬಲು ಸಮಯ ಎಲ್ಲಿ? ಅದಕ್ಕೆ ಒಂದು ಉಪಾಯ ಮಾಡಿದ. ಗಿಡದ ಪೂರ್ತಿ ಗೆರೆ ಎಳೆದು, ಒಂದು ಎಲೆಗೆ, ಒಂದು ಹೂವಿಗೆ ಮಾತ್ರ ಬಣ್ಣ ಹಾಕುವುದು. ಉಳಿದದ್ದು ಯಾವ ಬಣ್ಣ ಅಂತ ಹಾಳೆಯ ಹಿಂದೆ ಮಾತಿನಲ್ಲಿ ಬರೆದಿಡುವುದು. ಊರಿಗೆ ಹೋದ ಮೇಲೆ ಕೂತು ಮುಗಿಸೋಣ ಅಂತ.

ಜೂನ್ 11ರ ರಾತ್ರಿ ಹಡಗು ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ಬಂಡೆಗೆ ಬಡಿಯಿತು. ತೋಪು, ಭಾರದ ಸಾಮಾನು ಎಲ್ಲ ಸಮುದ್ರಕ್ಕೆ ಎಸೆದು ಹೇಗೋ ಪಾರಾಗಿ, ಈಗಿನ ಕುಕ್‌ಟೌನ್ ಇರುವ ನದಿಬಾಯಿಗೆ ತಂದು ದಡಕ್ಕೆ ಎಳೆದರು. ಗಿಡದ ಕಟ್ಟುಗಳನ್ನು ಕ್ಷೇಮವಾಗಿರಲಿ ಅಂತ ಹಡಗಿನ ಹಿಂಭಾಗದ ಬ್ರೆಡ್ ಕೋಣೆಯಲ್ಲಿ ಇಟ್ಟಿದ್ದರು. ಮೂತಿ ಮೇಲಾಗಿ ಹಡಗು ನಿಂತಾಗ ಒಳಗಿದ್ದ ನೀರೆಲ್ಲ ಹಿಂದಕ್ಕೆ ಹರಿಯಿತು. ಗಿಡಗಳು ನೀರಿನಲ್ಲಿ! ಹೀಗಾಗಬಹುದು ಅಂತ ಯಾರೂ ತನಗೆ ಹೇಳಲಿಲ್ಲ, ತನಗೂ ಹೊಳೆಯಲಿಲ್ಲ ಅಂತ ಬ್ಯಾಂಕ್ಸ್ ಬರೆದಿದ್ದಾನೆ. ಒಂದೊಂದೇ ಬಿಡಿಸಿ, ಬೇರೆ ಕಾಗದಕ್ಕೆ ಹಾಕುವಷ್ಟರಲ್ಲಿ ದಿನ ಮುಗಿಯಿತು. ಬಹಳಷ್ಟು ಉಳಿದವು, ಕೆಲವು ಪೂರ್ತಿ ಹೋದವು.

ಅಷ್ಟೆಲ್ಲ ದಾಟಿ ಬಂದವರನ್ನು ಕೊಂದಿದ್ದು ಬಟಾವಿಯಾ, ಅಂದರೆ ಈಗಿನ ಜಕಾರ್ತ. ಹಡಗು ರಿಪೇರಿಗೆ ಅಂತ ನಿಂತ ಊರು. ಮಲೇರಿಯಾ, ರಕ್ತಭೇದಿ. ತಾಹಿತಿಯಿಂದ ಜೊತೆಗೆ ಬಂದು, ನ್ಯೂಜಿಲೆಂಡಿನ ಮಾವೊರಿ ಜನರ ಹತ್ತಿರ ಇವರಿಗೆ ಮಾತಿನ ದಾರಿ ಮಾಡಿಕೊಟ್ಟ ತುಪಾಯಾ ಅಲ್ಲೇ ತೀರಿಕೊಂಡ. ಹಡಗು ಹೊರಟ ಮೇಲೆ, 1771ರ ಜನವರಿ ಕೊನೆಯಲ್ಲಿ, ಹಿಂದೂ ಮಹಾಸಾಗರದ ನಡುವೆ ಸ್ಪೋರಿಂಗ್ ಹೋದ. ಬೆನ್ನಿಗೇ ಪಾರ್ಕಿನ್ಸನ್. ಒಂಬತ್ತು ಜನರಲ್ಲಿ ಊರಿಗೆ ಮರಳಿದ್ದು ನಾಲ್ಕು ಜನ: ಬ್ಯಾಂಕ್ಸ್, ಸೊಲಾಂಡರ್, ಬ್ರಿಸ್ಕೋ, ರಾಬರ್ಟ್ಸ್.

ಗಿಡಗಳು ಮಾತ್ರ ಬಂದವು. ಸುಮಾರು 30,000 ಮಾದರಿ, 3,600ರಷ್ಟು ಜಾತಿ, ಅದರಲ್ಲಿ ಸುಮಾರು 1,400 ವಿಜ್ಞಾನಕ್ಕೆ ಹೊಸದು. ಬ್ಯಾಂಕ್ಸ್ ಲಂಡನ್ನಿನಲ್ಲಿ ರಾತ್ರೋರಾತ್ರಿ ದೊಡ್ಡ ಮನುಷ್ಯನಾದ. ಪಾರ್ಕಿನ್ಸನ್ ಬಿಟ್ಟುಹೋದ ಒಂಬೈನೂರಕ್ಕೂ ಹೆಚ್ಚು ಗಿಡದ ಚಿತ್ರಗಳಲ್ಲಿ ಪೂರ್ತಿಯಾಗಿದ್ದವು ಮುನ್ನೂರೂ ಇರಲಿಲ್ಲ. ಬೇರೆ ಚಿತ್ರಕಾರರು ಅವನ ಒಂದು ಎಲೆಯ ಬಣ್ಣ, ಹಿಂದೆ ಬರೆದ ಮಾತು ನೋಡಿಕೊಂಡು ಉಳಿದದ್ದನ್ನು ತುಂಬಿದರು. ತಾಮ್ರದ ಫಲಕದ ಮೇಲೆ ಕೆತ್ತಿಸಿದ್ದೂ ಆಯಿತು, 743 ಫಲಕ. 1782ರಲ್ಲಿ ಸೊಲಾಂಡರ್ ಸತ್ತ, ಪುಸ್ತಕ ಹೊರಬರಲೇ ಇಲ್ಲ. ಆ ಫಲಕಗಳಿಂದ ಬಣ್ಣದಲ್ಲಿ ಪೂರ್ತಿ ಮುದ್ರಣ ಆಗಿದ್ದು 1980ರ ದಶಕದಲ್ಲಿ. ಇನ್ನೂರು ವರ್ಷ ಕಪಾಟಿನಲ್ಲಿ!

ಇನ್ನು ನಿಮ್ಮ ಬೀದಿಯ ಕಾಂಪೌಂಡ್ ಮೇಲೆ ಇರುವ ಕಾಗದದ ಹೂವು, ಬೋಗನ್‌ವಿಲ್ಲಾ. 1767ರಲ್ಲಿ ರಿಯೋದಲ್ಲಿ ಅದನ್ನು ಸಂಗ್ರಹಿಸಿದ್ದು ಫ್ರೆಂಚ್ ತಂಡ. ನಾಯಕ ಬೂಗನ್‌ವಿಲ್, ಗಿಡದ ಪಂಡಿತ ಫಿಲಿಬೇರ್ ಕಾಮರ್ಸನ್. ಕಾಮರ್ಸನ್‌ಗೆ ಕಾಲಿನ ತೊಂದರೆ. ಅವನ ಸಹಾಯಕನಾಗಿ ಹಡಗು ಹತ್ತಿದ ಹುಡುಗ ನಿಜಕ್ಕೂ ಹುಡುಗನಲ್ಲ, ಝಾನ್ ಬಾರೆ ಅನ್ನುವ ಹೆಂಗಸು. ಆ ಕಾಲದ ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ಮೆಗೆಲನ್ ಜಲಸಂಧಿಯ ಹಿಮದ ಬೆಟ್ಟಗಳನ್ನು ಬುತ್ತಿ, ಬಂದೂಕು, ಗಿಡದ ಕಟ್ಟುಗಳನ್ನು ಹೊತ್ತು ಹತ್ತಿದವಳು ಅವಳು. ಅವಳ ಧೈರ್ಯ ಮತ್ತು ಶಕ್ತಿಯನ್ನು ಬೂಗನ್‌ವಿಲ್ ತನ್ನ ದಿನಚರಿಯಲ್ಲೇ ಹೊಗಳಿದ್ದಾನೆ. ಕಾಮರ್ಸನ್ ಅವಳನ್ನು ಹೊರೆ ಹೊರುವ ಪ್ರಾಣಿ ಅಂತ ಕರೆಯುತ್ತಿದ್ದನಂತೆ. ಓದುವಾಗ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

1768ರಲ್ಲಿ ಗುಟ್ಟು ಹೊರಬಿತ್ತು. ಇಬ್ಬರೂ ಮಾರಿಷಸ್‌ನಲ್ಲಿ ಇಳಿದುಕೊಂಡರು. ಕಾಮರ್ಸನ್ 1773ರಲ್ಲಿ ಅಲ್ಲೇ ಸತ್ತ. ಬಾರೆ ಅಲ್ಲೇ ಮದುವೆಯಾಗಿ, ಗಂಡನ ಜೊತೆ ಫ್ರಾನ್ಸಿಗೆ ಮರಳಿದಳು. ಭೂಮಿಗೆ ಪೂರ್ತಿ ಒಂದು ಸುತ್ತು ಹಾಕಿದ ಮೊದಲ ಹೆಂಗಸು ಅವಳೇ ಅಂತ ಈಗ ಎಲ್ಲರೂ ಒಪ್ಪುತ್ತಾರೆ. 1785ರಲ್ಲಿ ಫ್ರೆಂಚ್ ನೌಕಾ ಇಲಾಖೆ ಅವಳ ಕೆಲಸಕ್ಕೆ ವರ್ಷಕ್ಕೆ 200 ಲಿವರ್ ಪಿಂಚಣಿ ಕೊಟ್ಟಿತು. ಕಾಮರ್ಸನ್ ಹೆಸರಿನಲ್ಲಿ 70ಕ್ಕೂ ಹೆಚ್ಚು ಜೀವಿಗಳಿವೆ. ಬಾರೆ ಹೆಸರು ಉಳಿಯುವ ಹಾಗೆ ಒಂದು ಗಿಡಕ್ಕೆ ಬಂದಿದ್ದು 2012ರಲ್ಲಿ, ಸೊಲಾನಮ್ ಬಾರೆಟಿಯೆ, ನಮ್ಮ ಬದನೆ ಟೊಮ್ಯಾಟೊ ಕುಲದ್ದೇ.

ಇಲ್ಲಿ ತನಕ ಒಣ ಗಿಡದ ಮಾತು. ಜೀವಂತ ಗಿಡ ಸಾಗಿಸುವುದು ಇನ್ನೂ ಕಷ್ಟ. ಹಡಗಿನಲ್ಲಿ ಸಿಹಿನೀರು ಜನಕ್ಕೇ ಅಳೆದು ಕೊಡುವಾಗ ಗಿಡಕ್ಕೆ ಯಾರು ಹಾಕುತ್ತಾರೆ? ಡೇವಿಡ್ ನೆಲ್ಸನ್ ಅಂತ ಲಂಡನ್ನಿನ ಕ್ಯೂ ತೋಟದ ಮಾಲಿ. ಕುಕ್‌ನ ಮೂರನೇ ಪ್ರಯಾಣದಲ್ಲಿ, 1777ರಲ್ಲಿ ಟಾಸ್ಮೇನಿಯಾದ ಅಡ್ವೆಂಚರ್ ಬೇಯಲ್ಲಿ ಅವನು ಕಿತ್ತು ಒಣಗಿಸಿದ ಒಂದು ಟೊಂಗೆ ನೋಡಿಯೇ 1788ರಲ್ಲಿ ಯೂಕಲಿಪ್ಟಸ್ ಅನ್ನುವ ಕುಲದ ಹೆಸರು ಹುಟ್ಟಿತು. ಕೋಲಾರದ ಕಡೆ ಬಯಲಿನಲ್ಲಿ ಸಾಲು ಸಾಲು ನೀಲಗಿರಿ ನೋಡಿದ ನಮಗೆ ಅವನ ಹೆಸರು ಗೊತ್ತೇ ಇಲ್ಲ.

ಅದೇ ನೆಲ್ಸನ್‌ನನ್ನು ಬ್ಯಾಂಕ್ಸ್ ಬೌಂಟಿ ಹಡಗಿಗೆ ಹತ್ತಿಸಿದ. ತಾಹಿತಿಯಿಂದ ನಮ್ಮ ಮಂಗಳೂರು ಕಡೆಯವರು ಪೋಡಿ ಮಾಡುವ ಜೀಗುಜ್ಜೆಯ ಗಿಡಗಳನ್ನು ವೆಸ್ಟ್ ಇಂಡೀಸಿಗೆ ಒಯ್ಯುವ ಕೆಲಸ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಸಿಗಲಿ ಅನ್ನುವುದು ತೋಟದ ಧಣಿಗಳ ಲೆಕ್ಕ. ಆ ಲೆಕ್ಕವನ್ನು ಮರೆತು ಗಿಡದ ಸಾಹಸ ಮಾತ್ರ ಹೇಳಿದರೆ ತಪ್ಪಾಗುತ್ತದೆ. ಕ್ಯಾಪ್ಟನ್ನನ ದೊಡ್ಡ ಕ್ಯಾಬಿನ್ನನ್ನೇ ಗಿಡಕ್ಕೆ ಬಿಟ್ಟುಕೊಟ್ಟರು. ಕುಂಡ ಕೂರಲು ತೂತು ಕೊರೆದ ಹಲಗೆ, ನೆಲಕ್ಕೆ ಸೀಸದ ತಗಡು, ಸೋರಿದ ನೀರು ಮತ್ತೆ ಬಳಸಲು ಕೊಳವೆ. ನೆಲ್ಸನ್ ಮತ್ತು ಅವನ ಸಹಾಯಕ ತಿಂಗಳುಗಟ್ಟಲೆ ದುಡಿದು 1,015 ಗಿಡ ಬೆಳೆಸಿ ಹಡಗಿಗೆ ಏರಿಸಿದರು. 1789ರ ಏಪ್ರಿಲ್ 28ರಂದು ನಾವಿಕರು ದಂಗೆ ಎದ್ದು ಗಿಡಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಕ್ಯಾಪ್ಟನ್ ಬ್ಲೈ ಜೊತೆ 23 ಅಡಿಯ ದೋಣಿಯಲ್ಲಿ ತಿಮೋರ್ ದ್ವೀಪದ ತನಕ ಬಂದು ಮುಟ್ಟಿದವರಲ್ಲಿ ನೆಲ್ಸನ್ ಒಬ್ಬ. ಮುಟ್ಟಿದ ಐದೇ ವಾರದಲ್ಲಿ ಜ್ವರ ಬಂದು ಸತ್ತ. ಬ್ಲೈ ಇನ್ನೊಂದು ಹಡಗಿನಲ್ಲಿ ಹೋಗಿ 1793ರಲ್ಲಿ ಗಿಡ ಮುಟ್ಟಿಸಿದ.

ಎಲ್ಲರ ಕತೆಯೂ ಹೀಗೇ ಮುಗಿಯಲಿಲ್ಲ. ಕ್ಯೂ ತೋಟ ಹೊರದೇಶಕ್ಕೆ ಕಳಿಸಿದ ಮೊದಲ ಸಂಗ್ರಾಹಕ ಫ್ರಾನ್ಸಿಸ್ ಮ್ಯಾಸನ್ ದಕ್ಷಿಣ ಆಫ್ರಿಕಾದಿಂದ ತಂದ ಒಂದು ಸೈಕಾಸ್ ಜಾತಿಯ ಗಿಡ 1775ರಲ್ಲಿ ಕ್ಯೂಗೆ ಬಂತು. ಅದು ಇನ್ನೂ ಕುಂಡದಲ್ಲಿ ಬದುಕಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ, ಅದರ ಮೂಲ ಪೂರ್ವ ಆಸ್ಟ್ರೇಲಿಯಾ. ಆ ಮರಕ್ಕೆ ರೊಬಸ್ಟಾ ಅಂತ ಹೆಸರು ಕೊಟ್ಟವನು ಅಲನ್ ಕನಿಂಗ್‌ಹ್ಯಾಮ್, ಬ್ಯಾಂಕ್ಸ್ 1814ರಲ್ಲಿ ಆರಿಸಿ ಕಳಿಸಿದ ಹುಡುಗ. ವರ್ಷಗಟ್ಟಲೆ ಕಾಡು ಅಲೆದ ಮೇಲೆ ಅವನಿಗೆ ಸಿಡ್ನಿಯಲ್ಲಿ ಸರ್ಕಾರಿ ತೋಟದ ಕೆಲಸ ಸಿಕ್ಕಿತು. ಅಲ್ಲಿ ಅಧಿಕಾರಿಗಳ ಮನೆಗೆ ತರಕಾರಿ ಬೆಳೆದುಕೊಡಬೇಕಿತ್ತು. ಆ ಕೆಲಸ ಬೇಡ ಅಂತ ರಾಜೀನಾಮೆ ಕೊಟ್ಟ. 1839ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡ.

ಪಾರ್ಕಿನ್ಸನ್ ಚಿತ್ರಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಆನ್‌ಲೈನ್‌ನಲ್ಲಿ ಇಟ್ಟಿದೆ, ಯಾರು ಬೇಕಾದರೂ ನೋಡಬಹುದು. ಮುಗಿದ ಚಿತ್ರಗಳನ್ನು ಆಮೇಲೆ ನೋಡಿ. ಮೊದಲು ಮುಗಿಯದ ಒಂದನ್ನು ತೆಗೆದು, ಅವನು ಯಾವ ಎಲೆಯನ್ನು ಬಣ್ಣ ತುಂಬಲು ಆರಿಸಿಕೊಂಡ, ಯಾಕೆ ಅದನ್ನೇ ಆರಿಸಿಕೊಂಡ ಅಂತ ಯೋಚಿಸಿ. ಗಿಡ ನೋಡುವುದು ಹೇಗೆ ಅಂತ ಅದರಿಂದ ತುಂಬಾ ಕಲಿಯಬಹುದು. ಈಗ ನಿಮ್ಮ ಪ್ರಶ್ನೆಗಳು, ಹಿಂದೆ ಕೂತವರಿಂದಲೇ ಶುರು ಮಾಡೋಣ.